ಕಾಲೇಜು ಹುಡುಗರ ಆಟಕ್ಕೆ ಲಕ್ಷ ಜನ ಯಾಕೆ?

ಪ್ರಶ್ನೆ: ನನ್ನ ಮಗ ಮಿಷಿಗನ್ ಯೂನಿವರ್ಸಿಟಿಗೆ ಎಂ.ಎಸ್. ಓದಲು ಹೋಗಿದ್ದಾನೆ. ಅಲ್ಲಿ ಕಾಲೇಜು ಫುಟ್‌ಬಾಲ್ ನೋಡಲು ಲಕ್ಷ ಜನ ಸೇರುತ್ತಾರೆ ಅನ್ನುತ್ತಾನೆ. ಓದುವ ಹುಡುಗರ ಆಟಕ್ಕೆ ಅಷ್ಟು ಜನ ಬರುತ್ತಾರೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬರುತ್ತಾರೆ, ನಿಮ್ಮ ಮಗ ಹೇಳಿದ್ದು ನಿಜ. ನಾನಿರುವುದೂ ಅದೇ ಊರಿನಲ್ಲಿ, ಆನ್ ಆರ್ಬರ್‌ನಲ್ಲಿ. ಸ್ಟೇಡಿಯಂ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅದರಲ್ಲಿ 1,07,601 ಸೀಟುಗಳಿವೆ. ಇಡೀ ಊರಿನ ಜನಸಂಖ್ಯೆಯೇ ಸುಮಾರು 1,20,000! 1975ರ ನವೆಂಬರ್‌ನಿಂದ ಈಚೆಗೆ ಇಲ್ಲಿ ನಡೆದ ಪ್ರತಿ ಪಂದ್ಯಕ್ಕೂ ಲಕ್ಷ ದಾಟಿದ ಲೆಕ್ಕ ಸಿಕ್ಕಿದೆ. ಕೋವಿಡ್ ಇದ್ದ 2020 ಒಂದೇ ಅದಕ್ಕೆ ಹೊರತು. 2013ರ ಸೆಪ್ಟೆಂಬರ್‌ನಲ್ಲಿ ನೋಟ್ರ ಡೇಮ್ ತಂಡ ಬಂದಾಗ 1,15,109 ಜನ ಸೇರಿದ್ದರು.

ಇದು ನಾವು ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. ಇದು ಹುಟ್ಟಿ ಬೆಳೆದದ್ದೇ ಕಾಲೇಜುಗಳಲ್ಲಿ. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಮೊದಲ ಪಂದ್ಯ ನಡೆದದ್ದು 1869ರಲ್ಲಿ. ಇವತ್ತು ದೊಡ್ಡ ಹೆಸರಾಗಿರುವ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಶುರುವಾದದ್ದು 1920ರಲ್ಲಿ. ಅದರ ತಂಡಗಳು ದೊಡ್ಡ ನಗರಗಳಿಗೆ ಹೋದವು. ಯೂನಿವರ್ಸಿಟಿ ಇರುವ ಸಣ್ಣ ಊರುಗಳಿಗೆ ಕಾಲೇಜು ತಂಡವೇ ಸರ್ವಸ್ವ. ನೆಬ್ರಾಸ್ಕಾ ರಾಜ್ಯದಲ್ಲಿ ಒಂದೂ ಎನ್‌ಎಫ್‌ಎಲ್ ತಂಡ ಇಲ್ಲ. ಅಲ್ಲಿನ ಲಿಂಕನ್ ಊರಿನ ಸ್ಟೇಡಿಯಂನಲ್ಲಿ 1962ರಿಂದ ಎಲ್ಲ ಪಂದ್ಯಗಳ ಟಿಕೆಟ್ಟೂ ಖಾಲಿಯಾಗುತ್ತಾ ಬಂದಿದೆ.

ಇನ್ನೊಂದು ಕಾರಣ ನಮ್ಮ ಬೀದಿಯಲ್ಲೇ ಕಾಣುತ್ತದೆ. ಶನಿವಾರ ಬೆಳಗ್ಗೆ ಅಕ್ಕಪಕ್ಕದವರು ಮನೆ ಮುಂದಿನ ಹುಲ್ಲಿನ ಮೇಲೆ ದುಡ್ಡು ತೆಗೆದುಕೊಂಡು ಕಾರು ನಿಲ್ಲಿಸಿಕೊಳ್ಳುತ್ತಾರೆ. ಕಾರಿನ ಡಿಕ್ಕಿ ತೆಗೆದು, ಪಕ್ಕದಲ್ಲೇ ಒಲೆ ಹಚ್ಚಿ ಅಡುಗೆ ಮಾಡಿ, ಸಿಕ್ಕವರಿಗೆಲ್ಲ ಕೊಟ್ಟು ತಿನ್ನುತ್ತಾರೆ. ಇದಕ್ಕೆ ಟೇಲ್‌ಗೇಟ್ ಅನ್ನುತ್ತಾರೆ. ಓದು ಮುಗಿಸಿ ಬೇರೆ ರಾಜ್ಯಕ್ಕೆ ಹೋದವರು ಈ ನೆಪದಲ್ಲಿ ವಾಪಸ್ ಬರುತ್ತಾರೆ. ತೇರಿನ ದಿನ ಪರಊರಿನಲ್ಲಿರುವ ಮಕ್ಕಳು ಮನೆಗೆ ಬರುತ್ತಾರಲ್ಲ, ಹಾಗೇ. ಪಕ್ಕದ ಮನೆಯ ಅಜ್ಜಿಯ ಸೀಟು ಅವರ ಮಾವನ ಕಾಲದ್ದು. ಆಚೀಚೆ ಕೂರುವವರ ಮೊಮ್ಮಕ್ಕಳ ಹೆಸರೆಲ್ಲ ಅವರ ಬಾಯಲ್ಲಿದೆ. ತಂಡ ಸೋಲುತ್ತಿದ್ದ ವರ್ಷಗಳಲ್ಲೂ ಅವರು ಸೀಟು ಬಿಡಲಿಲ್ಲ. ಆಟಕ್ಕಿಂತ ಈ ಒಡನಾಟವೇ ಜನರನ್ನು ಎಳೆದು ತರುತ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಐಯೋವಾ ಸಿಟಿ ಅನ್ನುವ ಇನ್ನೊಂದು ಯೂನಿವರ್ಸಿಟಿ ಊರಿನಲ್ಲಿ ಸ್ಟೇಡಿಯಂ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ ಇದೆ. 2017ರಿಂದ ಅಲ್ಲಿ ಮೊದಲ ಕ್ವಾರ್ಟರ್ (ಆಟದ ಕಾಲು ಭಾಗ) ಮುಗಿದ ಕೂಡಲೇ ಇಡೀ ಸ್ಟೇಡಿಯಂ ಎದ್ದು ನಿಂತು, ಆಸ್ಪತ್ರೆಯ ಕಿಟಕಿಯಲ್ಲಿರುವ ಮಕ್ಕಳಿಗೆ ಕೈ ಬೀಸುತ್ತದೆ. ಆಟಗಾರರು, ಎದುರು ತಂಡದವರು, ಅಂಪೈರ್‌ಗಳು, ಎಲ್ಲರೂ. ಇದನ್ನು ಯಾವಾಗ ನೋಡಿದರೂ ನನಗೆ ಕಣ್ಣು ತುಂಬುತ್ತದೆ.

ಪ್ರಶ್ನೆ: ಟಿವಿಯಲ್ಲಿ ನೋಡಿದರೆ ಎಷ್ಟೋ ಸೀಟು ಖಾಲಿ ಇರುತ್ತವೆ. ಆದರೂ ಹೌಸ್‌ಫುಲ್ ಅನ್ನುತ್ತಾರೆ. ಲೆಕ್ಕ ಸುಳ್ಳೇ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಪೂರ್ತಿ ಸುಳ್ಳಲ್ಲ. ಆದರೆ ಎಷ್ಟೋ ಕಡೆ ಪ್ರಕಟಿಸುವುದು ಮಾರಿದ ಮತ್ತು ಹಂಚಿದ ಟಿಕೆಟ್‌ಗಳ ಲೆಕ್ಕ. ಗೇಟಿನಲ್ಲಿ ಸ್ಕ್ಯಾನ್ ಆದದ್ದು ಅದಕ್ಕಿಂತ ಕಡಿಮೆ ಇರುತ್ತದೆ. ಒಳಗೆ ಬಂದವರನ್ನೇ ಎಣಿಸಿ ಹೇಳಬೇಕು, ಅಲ್ವಾ? ಬಂದವರೂ ಅರ್ಧಕ್ಕೇ ಎದ್ದು ಹೋಗುವುದುಂಟು. ಅಲಬಾಮಾ ಯೂನಿವರ್ಸಿಟಿ 2019ರಲ್ಲಿ ಒಂದು ಆ್ಯಪ್ ತಂದು, ಕೊನೆಯ ಕ್ವಾರ್ಟರ್‌ವರೆಗೆ ಕೂತ ವಿದ್ಯಾರ್ಥಿಗಳಿಗೆ ಪಾಯಿಂಟ್ ಕೊಡಲು ಶುರುಮಾಡಿತು.

ವಿದ್ಯಾರ್ಥಿಗಳು ದೂರವಾದರೆ ಏನಾಗುತ್ತದೆ ಅನ್ನುವುದನ್ನು ನಮ್ಮೂರು ಕಂಡಿದೆ. 2014ರಲ್ಲಿ ವಿದ್ಯಾರ್ಥಿಗಳ ಸೀಸನ್ ಟಿಕೆಟ್ 280 ಡಾಲರ್ ಇತ್ತು. ಜೊತೆಗೆ ತಂಡವೂ ಸೋಲುತ್ತಿತ್ತು. ಕೊಳ್ಳುವವರು ತುಂಬ ಕಡಿಮೆಯಾದರು. ಆ ಸೆಪ್ಟೆಂಬರ್‌ನಲ್ಲಿ ಎರಡು ಕೋಕ್ ಕೊಂಡರೆ ಎರಡು ಟಿಕೆಟ್ ಅನ್ನುವ ಆಫರ್ ಕೂಡ ಬಂತು. ಅದೇ ವಾರ ತಲೆಗೆ ಪೆಟ್ಟು ಬಿದ್ದಿದ್ದ ಆಟಗಾರನನ್ನು ಮತ್ತೆ ಮೈದಾನಕ್ಕೆ ಇಳಿಸಿದರು. ವಿದ್ಯಾರ್ಥಿಗಳು ಯೂನಿವರ್ಸಿಟಿ ಅಧ್ಯಕ್ಷರ ಮನೆ ಮುಂದೆ ಸೇರಿ ಕೂಗಿದರು. ಅಕ್ಟೋಬರ್ 31ರಂದು ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮುಖ್ಯಸ್ಥ (ಅಥ್ಲೆಟಿಕ್ ಡೈರೆಕ್ಟರ್) ಡೇವ್ ಬ್ರ್ಯಾಂಡನ್ ರಾಜೀನಾಮೆ ಕೊಟ್ಟರು. ಮರುವರ್ಷ ಟಿಕೆಟ್ 175 ಡಾಲರ್‌ಗೆ ಇಳಿಯಿತು.

ಆಟಗಾರರಿಗೆ ಈಗ ಯೂನಿವರ್ಸಿಟಿಗಳೇ ನೇರವಾಗಿ ದುಡ್ಡು ಕೊಡಬಹುದು. ಕೊಡಲೇಬೇಕು, ಬೆವರು ಅವರದು. ಆದರೆ ಆ ಖರ್ಚನ್ನು ವಿದ್ಯಾರ್ಥಿಗಳ ಟಿಕೆಟ್ ಮೇಲೆ ಹಾಕಬಾರದು. ಹತ್ತೊಂಬತ್ತು ವಯಸ್ಸಿನಲ್ಲಿ ಒಳಗೆ ಕೂತು ಕೂಗದವರು ಐವತ್ತರಲ್ಲಿ ಯಾಕೆ ಬಂದಾರು?

ಪ್ರಶ್ನೆ: ಮಗಳನ್ನು ನೋಡಲು ಆನ್ ಆರ್ಬರ್‌ಗೆ ನವೆಂಬರ್‌ನಲ್ಲಿ ಬರುತ್ತಿದ್ದೇವೆ. ಆಟಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ನಮಗೆ ಆಟವೂ ಗೊತ್ತಿಲ್ಲ, ಚಳಿ ತಡೆಯಲೂ ಆಗುವುದಿಲ್ಲ.
– ದಂಪತಿ, ಮೈಸೂರು

ಉತ್ತರ: ಖಂಡಿತ ಹೋಗಿ. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್ ಅಂದರೂ ಮೂರು ಗಂಟೆ ಮೀರುತ್ತದೆ. ಹಾಗಾಗಿ ಉಣ್ಣೆ ಕಾಲುಚೀಲ, ಟೊಪ್ಪಿ, ಮಫ್ಲರ್ ಬೇಕೇ ಬೇಕು. ಬೆಂಚುಗಳು ತಣ್ಣಗೆ ಕೊರೆಯುತ್ತವೆ. ಊಟ ಮನೆಯಲ್ಲೇ ಮುಗಿಸಿ ಹೊರಡಿ. ಬ್ಯಾಗಿನ ನಿಯಮ ಬಿಗಿ, ಮಗಳನ್ನು ಮೊದಲೇ ಕೇಳಿಕೊಳ್ಳಿ.

ಮಂಡಿ ನೋವಿದ್ದರೆ ಒಂದು ಮಾತು. ಈ ಸ್ಟೇಡಿಯಂನ ಬಹುಪಾಲು ನೆಲದ ಕೆಳಗಿದೆ. ಮುಂದಿನ ಸಾಲಿನ ಸೀಟು ಅಂದರೆ ಅಷ್ಟೂ ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಮೇಲಿನ ಸಾಲನ್ನೇ ಕೇಳಿ. ಬದ್ಧ ಎದುರಾಳಿ ಒಹಾಯೋ ಸ್ಟೇಟ್ ತಂಡದ ವಿರುದ್ಧದ ಪಂದ್ಯದ ಟಿಕೆಟ್ ಬಹಳ ದುಬಾರಿ, ಬೇರೆ ಶನಿವಾರ ನೋಡಿ. ಹಾಫ್‌ಟೈಮ್‌ನಲ್ಲಿ ಟಾಯ್ಲೆಟ್‌ಗೆ ಏಳಬೇಡಿ. ಸಾಲೂ ಉದ್ದ, ಬ್ಯಾಂಡಿನವರ ಮೆರವಣಿಗೆಯೂ ತಪ್ಪಿಹೋಗುತ್ತದೆ. ನಮ್ಮ ತಂಡದ ಬಣ್ಣವಾದ ಹಳದಿ ಅಥವಾ ಕಡುನೀಲಿ ಸ್ವೆಟರ್ ಇದ್ದರೆ ಅದನ್ನೇ ಹಾಕಿಕೊಳ್ಳಿ. ಪಕ್ಕದವರು ತಾವಾಗಿಯೇ ಮಾತಾಡಿಸಿ ಆಟ ಹೇಳಿಕೊಡುತ್ತಾರೆ.