ಕಾರವಾರದಲ್ಲಿ ಬರೀ ಮಳೆ, ಅಣಶಿ ಘಾಟಿಯಲ್ಲಿ ಮಾತ್ರ ದಟ್ಟ ಮಂಜು. ಯಾಕೆ? ಕಣಿವೆ ಚೆನ್ನಾಗಿ ಕಾಣಬೇಕಾದರೆ ಯಾವಾಗ ಹೋಗಬೇಕು?

ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗಿ. ಜುಲೈನಲ್ಲಿ ಹೋದರೆ ಕಣಿವೆ ಕಾಣುವುದೇ ಅಪರೂಪ, ಯಾಕೆಂದರೆ ಆಗ ನೀವು ನಿಂತಿರುವುದು ಮೋಡದ ಒಳಗೇ.

ಅರಬ್ಬೀ ಸಮುದ್ರದಿಂದ ನೀರಾವಿ ಹೊತ್ತು ಬರುವ ಗಾಳಿಗೆ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಮುಂದೆ ಹೋಗಲು ದಾರಿಯಿಲ್ಲದೆ ಗಾಳಿ ಮೇಲೇರುತ್ತದೆ. ಏರಿದಷ್ಟೂ ತಣ್ಣಗಾಗುತ್ತದೆ. ತಣ್ಣನೆ ಗಾಳಿಯಲ್ಲಿ ಜಾಸ್ತಿ ಆವಿ ಉಳಿಯಲಾರದು, ಅದು ಸಣ್ಣ ಸಣ್ಣ ಹನಿಗಳಾಗುತ್ತದೆ. ಕಾರವಾರದಿಂದ ನೋಡಿದವರಿಗೆ ಅದು ಬೆಟ್ಟದ ಮೇಲಿನ ಮೋಡ, ಘಾಟಿಯಲ್ಲಿ ನಿಂತವರಿಗೆ ಮಂಜು. ಎರಡೂ ಒಂದೇ ಅಲ್ವಾ! ಕಾರವಾರ ಸಮುದ್ರದ ಮಟ್ಟದಲ್ಲೇ ಇರುವುದರಿಂದ ಅಲ್ಲಿ ಮೋಡ ತಲೆಯ ಮೇಲೆಯೇ ಉಳಿಯುತ್ತದೆ.

ಅಕ್ಟೋಬರ್ ಹೊತ್ತಿಗೆ ಈ ಗಾಳಿಯ ಜೋರು ತಗ್ಗುತ್ತದೆ. ಆಕಾಶ ತಿಳಿಯಾಗುತ್ತದೆ, ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಕಾಡು ಹಸಿರಾಗಿಯೇ ಇರುತ್ತದೆ. ನನಗಂತೂ ಅಣಶಿ ಅತಿ ಚೆಂದ ಕಾಣುವುದು ಆಗಲೇ.

ಮಳೆಗಾಲದಲ್ಲೇ ಹೋಗುವ ಆಸೆಯಿದ್ದರೆ ಮೊದಲು ರಸ್ತೆಯ ಸ್ಥಿತಿ ವಿಚಾರಿಸಿ. ಗುಡ್ಡ ಕುಸಿದು ಘಾಟಿ ಬಂದ್ ಆದದ್ದುಂಟು. ಉಂಬಳ ಕಾಟವೂ ಇರುತ್ತದೆ. ಅಣಶಿ 1987ರಿಂದ ರಾಷ್ಟ್ರೀಯ ಉದ್ಯಾನ, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಹಾಗಾಗಿ ಸುಮ್ನೆ ಗಾಡಿ ನಿಲ್ಲಿಸಿ ಕಾಡೊಳಗೆ ಇಳಿಯಬೇಡಿ, ಅರಣ್ಯ ಇಲಾಖೆಯ ಅನುಮತಿ ಬೇಕು.