ಉಬ್ಬುಹೂವಿನ ಎಸಳು ಬಿರಿಯುವುದಕ್ಕೆ ಪರಿಹಾರ

ದಾವಣಗೆರೆಯ ಹೊಲದ ಎರೆಮಣ್ಣಿನಲ್ಲಿ ಮಾಡಿದ ಉಬ್ಬುಹೂವಿನ, ಅಂದರೆ ಮಣ್ಣಿನ ಫಲಕದ ಮೇಲೆ ಉಬ್ಬಿ ಕಾಣುವಂತೆ ಅಂಟಿಸಿದ ಹೂವಿನ, ಎಸಳುಗಳು ಒಣಗುವಾಗ ಬುಡದಲ್ಲೇ ಬಿರಿದು ಕಳಚುತ್ತಿವೆ ಎಂದು ತಾವು ಕೇಳಿದ್ದೀರಿ. ಎರೆಮಣ್ಣು ನೀರು ಕುಡಿದು ಹಿಗ್ಗಿ, ಒಣಗಿದಾಗ ವಿಪರೀತ ಕುಗ್ಗುತ್ತದೆ. ಅದರ ಬದಲು ಕುಂಬಾರರು ಬಳಸುವ ಕೆರೆಯ ಜೇಡಿಮಣ್ಣಿಗೆ ಸಣ್ಣ ಮರಳು ಬೆರೆಸಿಕೊಳ್ಳಿ. ಆದರೆ ನನ್ನ ಅಭಿಪ್ರಾಯದಲ್ಲಿ ಮುಖ್ಯ ದೋಷವಿರುವುದು ಅಂಟಿಸುವ ಕ್ರಮದಲ್ಲಿ. ಫಲಕವೂ ಎಸಳೂ ಒಂದೇ ಹಸಿಯಲ್ಲಿರುವಾಗ ಎರಡರ ಮೇಲೂ ಸೂಜಿಯಿಂದ ಅಡ್ಡಡ್ಡ ಗೀರು ಹಾಕಿ, ಅದೇ ಮಣ್ಣಿನ ಗಟ್ಟಿ ರಾಡಿಯನ್ನು ಸವರಿ, ಎಸಳನ್ನು ತುಸು ಅಲುಗಾಡಿಸುತ್ತ ಒತ್ತಿ, ಅಂಚಿನ ಮಣ್ಣನ್ನು ಬಿದಿರುಕಡ್ಡಿಯಿಂದ ಫಲಕಕ್ಕೆ ಎಳೆದು ಕೂಡಿಸಬೇಕು. ಎಸಳಿನ ನರಗಳನ್ನು, ಉಗುರು ಒತ್ತಿದರೆ ಗುರುತು ಮಾತ್ರ ಮೂಡುವಷ್ಟು ಮಣ್ಣು ಬಿಗಿದ ಮೇಲೆ ಕೆತ್ತಿರಿ. ನಮ್ಮ ಕಡೆಯ ಒಣಗಾಳಿಗೆ ಒಡ್ಡದೆ, ಪ್ಲಾಸ್ಟಿಕ್ ಹಾಳೆ ಮುಚ್ಚಿ ನೆರಳಲ್ಲಿ ನಿಧಾನವಾಗಿ ಒಣಗಿಸಿರಿ. ಕೆಮ್ಮಣ್ಣಿನ ಲೇಪವನ್ನು ಸುಡುವ ಮೊದಲು ಕೊಡಬಹುದು. ಅಕ್ರಿಲಿಕ್ ಬಣ್ಣವನ್ನು ಫಲಕ ಸುಟ್ಟು ತಣಿದ ನಂತರವೇ ಹಚ್ಚಬೇಕು.