ಹೋವರ್ಡ್ಸ್ ಎಂಡ್‌ನಲ್ಲಿ ಫಾರ್ಸ್ಟರ್ ಯಾರ ಪರ?

ಹೋವರ್ಡ್ಸ್ ಎಂಡ್ ಕಾದಂಬರಿಯಲ್ಲಿ ಶ್ಲೆಗೆಲ್ ಅಕ್ಕತಂಗಿಯರದು ಆದರ್ಶ, ವಿಲ್ಕಾಕ್ಸ್ ಮನೆಯವರದು ದುಡ್ಡು, ಅದನ್ನು ಬರೆದ ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ ಇವರಲ್ಲಿ ಯಾರ ಪರ ಅಂತ ಕೇಳಿದ್ದೀರಿ. ಮೊದಲ ಸಲ ನಾನೂ ಹೀಗೇ ಎರಡು ಬಣ ಮಾಡಿಕೊಂಡು ಓದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಗುಮಾಸ್ತ ಲೆನರ್ಡ್ ಬಾಸ್ಟ್‌ನ ಪಕ್ಕ ನಿಂತು ನೋಡಿ, ಆ ಎರಡೂ ಮನೆಗಳು ಒಂದೇ ದಡದಲ್ಲಿ ಕಾಣುತ್ತವೆ.

ಶ್ಲೆಗೆಲ್ ಮನೆಯ ಅಕ್ಕ ಮಾರ್ಗರೆಟ್‌ಗೆ ವರ್ಷಕ್ಕೆ 600 ಪೌಂಡ್ ಬರುತ್ತದೆ, ತಂಗಿ ಹೆಲೆನ್‌ಗೂ ಅಷ್ಟೇ. ಇಬ್ಬರೂ ದುಡಿದು ತಂದದ್ದಲ್ಲ. ಮಾರ್ಗರೆಟ್‌ಗೆ ಇದು ಗೊತ್ತಿದೆ. ನಾವು ದುಡ್ಡಿನ ದ್ವೀಪದ ಮೇಲೆ ನಿಂತಿದ್ದೇವೆ, ಕಾಲ ಕೆಳಗೆ ಅದು ಎಷ್ಟು ಗಟ್ಟಿಯಾಗಿದೆ ಅಂದರೆ ಅದು ಇರುವುದೇ ಮರೆತುಹೋಗುತ್ತದೆ ಅನ್ನುವ ಅರ್ಥದ ಮಾತನ್ನು ಅವಳೇ ಜೂಲಿ ಆಂಟಿಗೆ ಹೇಳುತ್ತಾಳೆ. 1910ರ ಕಾದಂಬರಿಯಲ್ಲಿ ಇಷ್ಟು ನೇರವಾದ ಮಾತು! ಫಾರ್ಸ್ಟರ್‌ಗೂ ಇದರ ಅನುಭವ ಇತ್ತು. ತಂದೆಯ ಕಡೆಯ ಮೇರಿಯನ್ ಥಾರ್ನ್‌ಟನ್ ಎಂಬ ಹಿರಿಯಾಕೆ ಬಿಟ್ಟುಹೋದ 8000 ಪೌಂಡಿನಿಂದಲೇ ಆತ ಓದಿದ್ದು, ಬರಹಗಾರನಾದದ್ದು.

ಲೆನರ್ಡ್‌ಗೆ ಕಾಲಿಡಲು ಆ ದ್ವೀಪ ಇಲ್ಲ. ಬೇತೋವನ್ ಸಂಗೀತ ಕಛೇರಿಯಲ್ಲಿ ಹೆಲೆನ್ ಕಣ್ತಪ್ಪಿ ಅವನ ಕೊಡೆ ತೆಗೆದುಕೊಂಡು ಹೋಗುತ್ತಾಳೆ, ಅಲ್ವಾ? ಅವಳಿಗೆ ಸಂಗೀತದಲ್ಲಿ ಮೈಮರೆಯುವುದು ಸುಲಭ. ಅವನಿಗೆ ಮಾತ್ರ ಉಳಿದಷ್ಟು ಹೊತ್ತೂ ಆ ಹಳೇ ಕೊಡೆಯದೇ ಚಿಂತೆ. ಆಮೇಲೆ ಲೆನರ್ಡ್ ಕೆಲಸ ಮಾಡುವ ವಿಮಾ ಕಂಪನಿ ಮುಳುಗುತ್ತದೆ ಅಂತ ಹೆನ್ರಿ ವಿಲ್ಕಾಕ್ಸ್ ಸುಮ್ನೆ ಒಂದು ಮಾತು ಹೇಳುತ್ತಾನೆ, ಅಕ್ಕತಂಗಿಯರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಲೆನರ್ಡ್‌ಗೆ ದಾಟಿಸುತ್ತಾರೆ, ಅವನು ಕೆಲಸ ಬಿಟ್ಟು ಕಡಿಮೆ ಸಂಬಳಕ್ಕೆ ಒಂದು ಬ್ಯಾಂಕ್ ಸೇರುತ್ತಾನೆ, ಆ ಕೆಲಸವೂ ಹೋಗುತ್ತದೆ. ವಿಮಾ ಕಂಪನಿ ಮಾತ್ರ ಮುಳುಗಲೇ ಇಲ್ಲ. ಹೆನ್ರಿ ಇದಕ್ಕೆ ಯಾರೂ ಹೊಣೆಯಲ್ಲ ಅನ್ನುತ್ತಾನೆ. ಹೆಲೆನ್‌ಗೆ ಸಿಟ್ಟು ಬರುತ್ತದೆ, ಆ ಸಿಟ್ಟು ನಿಜವಾದದ್ದೇ. ಅವಳು 5000 ಪೌಂಡ್ ಕೊಡಲು ಹೋಗುತ್ತಾಳೆ, ಲೆನರ್ಡ್ ಬೇಡ ಅನ್ನುತ್ತಾನೆ. ಆ ಹಣವನ್ನು ಮತ್ತೆ ಷೇರಿನಲ್ಲಿ ಹಾಕಿ ಹೆಲೆನ್ ಮೊದಲಿಗಿಂತ ಜಾಸ್ತಿ ಶ್ರೀಮಂತಳಾಗುತ್ತಾಳೆ. ಈ ಸಾಲು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಂತ ಫಾರ್ಸ್ಟರ್ ಲೆನರ್ಡ್‌ನ ಪರ ಅಂತಲೂ ಹೇಳಲಾರೆ. ಪುಸ್ತಕಗಳು ಮೈಮೇಲೆ ಬೀಳುತ್ತಿರುವಾಗಲೇ ಅವನನ್ನು ಹೃದ್ರೋಗದಿಂದ ಸಾಯಿಸುತ್ತಾನೆ, ಕೊನೆಗೆ ಹೆಲೆನ್‌ಗೆ ಅವನಿಂದ ಹುಟ್ಟಿದ ಮಗು ಮಾತ್ರ ಹೋವರ್ಡ್ಸ್ ಎಂಡ್ ಎಂಬ ಮನೆಯಲ್ಲಿ ಉಳಿಯುತ್ತದೆ. ನನಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಮತ್ತೆ ಓದುವುದಾದರೆ 5 ಮತ್ತು 6ನೇ ಅಧ್ಯಾಯಗಳನ್ನು ಒಂದೇ ಕೂತಲ್ಲಿ ಓದಿ: ಮೊದಲು ಸಂಗೀತ ಕಛೇರಿ, ಆಮೇಲೆ ಲೆನರ್ಡ್‌ನ ಇಕ್ಕಟ್ಟಾದ ಮನೆ.